ಹುರಿ ಬಿಚ್ಚದೆ ನಕಲಿಲ್ಲ: ಜೀವಕೋಶದಲ್ಲಿ ಡಿಎನ್‌ಎ ಇಮ್ಮಡಿಯಾಗುವ ಬಗೆ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಕಟ್ಟಿದ ಹೂವನ್ನು ಇಂದಿಗೂ ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತಾರೆ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರೆ ಆಗುವುದು ಒಂದು ಮಾರು. ನಮ್ಮ ಎತ್ತರಕ್ಕೆ ಹೆಚ್ಚುಕಡಿಮೆ ಸಮ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿರುವ ಡಿಎನ್‌ಎಯನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಅದೂ ಒಂದು ಮಾರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 2 ಮೀಟರ್ ಆಗುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಅಗಲವಿಲ್ಲದ ಕೋಶಕೇಂದ್ರದಲ್ಲಿ ಈ ಮಾರುದ್ದದ ಎಳೆ ಅಡಗಿ ಕುಳಿತಿದೆ. ಕೋಶ ಒಡೆದು ಎರಡಾಗುವ ಮೊದಲು ಅದರ ಪೂರ್ಣ ನಕಲು ಸಿದ್ಧವಾಗಬೇಕು. ಇದು ಹೇಗೆ ಸಾಧ್ಯ?

ಕೆಲವು ವರ್ಷಗಳ ಹಿಂದೆ ಆಯುಧಪೂಜೆಯ ಮುನ್ನಾದಿನ ಬಾಳೆಕಂದು ಕಟ್ಟಲು ಹುರಿ ಕೊಳ್ಳಲೆಂದು ಇದೇ ಮಾರುಕಟ್ಟೆಗೆ ಹೋಗಿದ್ದೆ. ಅಂಗಡಿಯ ಯಜಮಾನರು ಕೊಟ್ಟ ಎರಡೆಳೆಯ ಹುರಿಯನ್ನು ಪರೀಕ್ಷಿಸುವ ನೆಪದಲ್ಲಿ ಅದರ ಎರಡು ಎಳೆಗಳನ್ನು ತುದಿಯಲ್ಲಿ ಹಿಡಿದು ಬೇರ್ಪಡಿಸತೊಡಗಿದೆ. ಒಂದು ಗೇಣು ಬಿಚ್ಚುವಷ್ಟರಲ್ಲಿ ಮುಂದಿನ ಭಾಗ ಬಿಗಿದು, ಮುರುಚಿಕೊಂಡು, ಗಂಟಾಯಿತು. "ಹಂಗೆ ಎಳೀಬ್ಯಾಡಿ ಸಾರ್, ಆ ಕಡೆ ತುದಿ ಬಿಟ್ಟು ತಿರುಗಕ್ಕೆ ಬಿಡಿ" ಎಂದರು ಅವರು. ಆ ಕಡೆಯ ತುದಿ ದೊಡ್ಡ ಉಂಡೆಯೊಳಗೆ ಹೂತುಹೋಗಿತ್ತು. "ತುದಿ ಸಿಗದಿದ್ದರೆ ಏನು ಮಾಡ್ತೀರಿ ಯಜಮಾನರೇ?" ಎಂದು ಕೇಳಿದೆ. "ಇನ್ನೇನು, ಮಧ್ಯದಲ್ಲಿ ಕತ್ತರಿಸಿ, ಬಿಡಿಸಿ, ಗಂಟು ಹಾಕೋದು" ಎಂದರು.

ಜೀವವಿಜ್ಞಾನಿಗಳು ಎರಡು ದಶಕಗಳಿಗೂ ಹೆಚ್ಚು ಕಾಲ ತಲೆಕೆಡಿಸಿಕೊಂಡ ಪ್ರಶ್ನೆ ಇದೇ. ಅದಕ್ಕೆ ದೊರೆತ ಉತ್ತರವೂ ಇದೇ. ಈ ಪ್ರಶ್ನೆಗೆ ಬೆಂಗಳೂರಿನಿಂದಲೇ ಬೇರೊಂದು ಉತ್ತರ ಹೊರಟು, ವಿಶ್ವದ ಗಮನ ಸೆಳೆದು, ಕೊನೆಗೆ ಬಿದ್ದುಹೋದ ಕಥೆಯೂ ಉಂಟು.

ಒಂದರಿಂದ ಇನ್ನೊಂದು

1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಮುಂದಿಟ್ಟ ರಚನೆಯಲ್ಲಿ ಡಿಎನ್‌ಎ ಎಂಬುದು ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳ ಬಲಸುರುಳಿ. ಪ್ರತಿ ಎಳೆಯ ಮೇಲೂ ನಾಲ್ಕು ಬಗೆಯ ಪ್ರತ್ಯಾಮ್ಲಗಳು ಅಕ್ಷರಗಳಂತೆ ಸಾಲಾಗಿ ಕುಳಿತಿವೆ: ಅಡಿನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್. ಅಡಿನೀನ್ ಎದುರಿಗೆ ಥೈಮೀನ್, ಗ್ವಾನೀನ್ ಎದುರಿಗೆ ಸೈಟೊಸೀನ್. ಬೇರೆ ಜೋಡಿ ಹೊಂದುವುದಿಲ್ಲ. ಹೀಗಾಗಿ ಒಂದು ಎಳೆ ಸಿಕ್ಕರೆ ಇನ್ನೊಂದನ್ನು ತಪ್ಪಿಲ್ಲದೆ ಬರೆದುಬಿಡಬಹುದು. ಎಳೆಗಳು ಬೇರ್ಪಟ್ಟು, ಒಂದೊಂದೂ ತನಗೊಂದು ಹೊಸ ಜೊತೆಯನ್ನು ಕಟ್ಟಿಕೊಂಡರೆ ಒಂದು ಡಿಎನ್‌ಎ ಎರಡಾಗುತ್ತದೆ.

ನಿಜಕ್ಕೂ ಹೀಗೆಯೇ ಆಗುತ್ತದೆಯೆ ಎಂಬುದನ್ನು 1958ರಲ್ಲಿ ಮ್ಯಾಥ್ಯೂ ಮೆಸೆಲ್‌ಸನ್ ಮತ್ತು ಫ್ರ್ಯಾಂಕ್ಲಿನ್ ಸ್ಟಾಲ್ ಪರೀಕ್ಷಿಸಿದರು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯವನ್ನು ಭಾರ ನೈಟ್ರೊಜನ್ ಇರುವ ಆಹಾರದಲ್ಲಿ ಅನೇಕ ಪೀಳಿಗೆ ಬೆಳೆಸಿ, ಅನಂತರ ಸಾಮಾನ್ಯ ನೈಟ್ರೊಜನ್ ಇರುವ ಆಹಾರಕ್ಕೆ ಬದಲಾಯಿಸಿದರು. ಒಂದು ಪೀಳಿಗೆಯ ಬಳಿಕ ಡಿಎನ್‌ಎ ಎಲ್ಲವೂ ಮಧ್ಯಮ ತೂಕದ್ದಾಗಿತ್ತು. ಎರಡು ಪೀಳಿಗೆಯ ಬಳಿಕ ಅರ್ಧ ಮಧ್ಯಮ, ಅರ್ಧ ಹಗುರ. ಪ್ರತಿ ಹೊಸ ಡಿಎನ್‌ಎಯಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ ಇರುತ್ತದೆ ಎಂಬುದು ಇದರಿಂದ ಖಚಿತವಾಯಿತು.

ನಕಲುಗಾರರ ತಂಡ

ನಕಲಿಸುವ ಕೆಲಸ ಕಿಣ್ವಗಳ ಒಂದು ತಂಡದ್ದು. ಹೆಲಿಕೇಸ್ ಎಂಬ ಉಂಗುರದಾಕಾರದ ಕಿಣ್ವ ಒಂದು ಎಳೆಯ ಮೇಲೆ ಓಡುತ್ತ ಜೋಡಿಯನ್ನು ಬಿಡಿಸುತ್ತದೆ. ಬಿಡಿಸಿದ ಜಾಗ ಕವಲೊಡೆದ ಕೊಂಬೆಯಂತೆ ಕಾಣುವುದರಿಂದ ಅದನ್ನು ನಕಲು ಕವಲು ಎನ್ನೋಣ. ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಹಳೆಯ ಎಳೆಯನ್ನು ಓದುತ್ತ ಎದುರಿಗೆ ಸರಿಯಾದ ಅಕ್ಷರಗಳನ್ನು ಪೋಣಿಸುತ್ತದೆ. ಇದನ್ನು 1950ರ ದಶಕದಲ್ಲಿ ಮೊದಲು ಬೇರ್ಪಡಿಸಿದ ಆರ್ಥರ್ ಕಾರ್ನ್‌ಬರ್ಗ್ ಅವರಿಗೆ 1959ರ ನೊಬೆಲ್ ಪಾರಿತೋಷಕ ಸಂದಿತು.

ಪಾಲಿಮರೇಸ್‌ಗೆ ಎರಡು ಮಿತಿಗಳಿವೆ. ಮೊದಲನೆಯದು, ಅದು ಬರಿಯ ಎಳೆಯ ಮೇಲೆ ತಾನಾಗಿ ಆರಂಭಿಸಲಾರದು. ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಆರ್‌ಎನ್‌ಎಯ ಪುಟ್ಟ ತುಣುಕನ್ನು ಇಟ್ಟುಕೊಟ್ಟರೆ ಅದನ್ನು ಮುಂದುವರಿಸುತ್ತದೆ. ಎರಡನೆಯದು, ಅದು ಒಂದೇ ದಿಕ್ಕಿನಲ್ಲಿ ಬರೆಯಬಲ್ಲದು. ಡಿಎನ್‌ಎಯ ಎರಡು ಎಳೆಗಳಾದರೋ ಎದುರುಬದುರು ದಿಕ್ಕಿನವು. ಆದ್ದರಿಂದ ಒಂದು ಎಳೆಯ ನಕಲು ಕವಲಿನ ಹಿಂದೆಯೇ ನಿರಂತರವಾಗಿ ಸಾಗಿದರೆ, ಇನ್ನೊಂದರ ನಕಲು ತುಂಡುತುಂಡಾಗಿ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಜಪಾನಿನ ರೇಜಿ ಒಕಜಾಕಿ ಮತ್ತು ಸುನೆಕೊ ಒಕಜಾಕಿ ದಂಪತಿಗಳು 1968ರಲ್ಲಿ ಈ ತುಂಡುಗಳನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯದಲ್ಲಿ ಒಂದೊಂದು ತುಂಡು ಸಾವಿರದಿಂದ ಎರಡು ಸಾವಿರ ಅಕ್ಷರಗಳಷ್ಟಿದ್ದರೆ, ನಮ್ಮ ಕೋಶಗಳಲ್ಲಿ ನೂರಿನ್ನೂರು ಅಕ್ಷರಗಳಷ್ಟು ಮಾತ್ರ. ಆರ್‌ಎನ್‌ಎ ತುಣುಕುಗಳನ್ನು ತೆಗೆದು, ಖಾಲಿ ಜಾಗ ತುಂಬಿದ ಮೇಲೆ ಲೈಗೇಸ್ ಎಂಬ ಕಿಣ್ವ ತುಂಡುಗಳನ್ನು ಬೆಸೆಯುತ್ತದೆ.

ತಪ್ಪುಗಳ ಲೆಕ್ಕವೂ ಸ್ವಾರಸ್ಯಕರ. ಪಾಲಿಮರೇಸ್ ಅಕ್ಷರವನ್ನು ಆಯ್ದುಕೊಳ್ಳುವಾಗ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ. ನಮ್ಮ ಕೋಶದಲ್ಲಿ ನಕಲಾಗಬೇಕಾದ ಜೋಡಿಗಳು 600 ಕೋಟಿಗೂ ಹೆಚ್ಚು. ಅಂದರೆ ಎರಡೂ ಎಳೆಗಳ ನಕಲು ಸೇರಿ ಪ್ರತಿ ಕೋಶ ವಿಭಜನೆಗೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ತಪ್ಪು! ಆದರೆ ಪಾಲಿಮರೇಸ್ ತಾನು ಬರೆದುದನ್ನು ಆಗಿಂದಾಗಲೇ ತಿರುಗಿ ನೋಡಿ, ತಪ್ಪಿದ್ದರೆ ಅಳಿಸಿ ಬರೆಯುತ್ತದೆ. ಅದರ ಕಣ್ಣು ತಪ್ಪಿದ್ದನ್ನು ಹಿಂದೆ ಬರುವ ಮತ್ತೊಂದು ತಂಡ ಹುಡುಕಿ ಸರಿಪಡಿಸುತ್ತದೆ. ಈ ಎರಡನೆಯ ತಂಡದ ಕೆಲಸವನ್ನು ವಿವರಿಸಿದ ಪಾಲ್ ಮೊಡ್ರಿಚ್ ಅವರು 2015ರ ರಸಾಯನವಿಜ್ಞಾನ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ನೂರು ಕೋಟಿ ಅಕ್ಷರಗಳಿಗೆ ಒಂದು ತಪ್ಪು ಅಥವಾ ಅದಕ್ಕಿಂತ ಕಡಿಮೆ.

ಇನ್ನು ವೇಗ. ನಮ್ಮ ಕೋಶಗಳಲ್ಲಿ ಒಂದು ಕವಲು ಸೆಕೆಂಡಿಗೆ ಸುಮಾರು 50 ಅಕ್ಷರ ಸಾಗುತ್ತದೆ. ನಮ್ಮ ಅತಿ ದೊಡ್ಡ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿಗಳಿವೆ. ಮಧ್ಯದ ಒಂದೇ ಬಿಂದುವಿನಿಂದ ಎರಡು ಕವಲು ಎರಡು ಕಡೆಗೆ ಹೊರಟರೆ ಕೆಲಸ ಮುಗಿಯಲು ಸುಮಾರು ಒಂದು ತಿಂಗಳು ಬೇಕು. ನಿಜವಾಗಿ ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಏಕೆಂದರೆ ಕೋಶದ ಡಿಎನ್‌ಎಯಲ್ಲಿ ಹತ್ತಾರು ಸಾವಿರ ಕಡೆ ನಕಲು ಆರಂಭವಾಗುತ್ತದೆ.

ತಿರುಚಿನ ಸಮಸ್ಯೆ

ಈಗ ಹುರಿಯ ಮಾತಿಗೆ ಮರಳೋಣ. ಡಿಎನ್‌ಎಯಲ್ಲಿ ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತು. ಇ. ಕೋಲಿಯ ಡಿಎನ್‌ಎಯಲ್ಲಿ 46 ಲಕ್ಷ ಜೋಡಿಗಳಿವೆ. ಅಂದರೆ ಸುಮಾರು 4 ಲಕ್ಷ 40 ಸಾವಿರ ಸುತ್ತುಗಳು. ಎರಡು ಕವಲುಗಳು ಸುಮಾರು 40 ನಿಮಿಷದಲ್ಲಿ ಇದನ್ನು ಮುಗಿಸುತ್ತವೆ. ಒಂದೊಂದು ಕವಲಿನ ಪಾಲಿಗೆ ಸೆಕೆಂಡಿಗೆ ಸುಮಾರು 90 ಸುತ್ತು, ನಿಮಿಷಕ್ಕೆ 5,000ಕ್ಕೂ ಹೆಚ್ಚು. ಮನೆಯ ಚಾವಣಿ ಫ್ಯಾನು ನಿಮಿಷಕ್ಕೆ ಮುನ್ನೂರು, ಮುನ್ನೂರೈವತ್ತು ಸುತ್ತು ತಿರುಗುತ್ತದೆ ಎಂಬುದನ್ನು ಹೋಲಿಸಿ ನೋಡಿ.

ಈ ತೊಡಕನ್ನು ಮ್ಯಾಕ್ಸ್ ಡೆಲ್‌ಬ್ರುಕ್ 1954ರಲ್ಲಿಯೇ ಎತ್ತಿದ್ದರು. ಅವರು ಮೂಲತಃ ಭೌತವಿಜ್ಞಾನಿ. 1956ರಲ್ಲಿ ಸೈರಸ್ ಲೆವಿಂತಾಲ್ ಮತ್ತು ಎಚ್.ಆರ್. ಕ್ರೇನ್ ಇದಕ್ಕೊಂದು ಉತ್ತರ ಕೊಟ್ಟರು. ಸ್ಕೂಟರಿನ ಸ್ಪೀಡೋಮೀಟರ್ ಕೇಬಲ್ ಬಾಗಿದ್ದರೂ ತನ್ನ ಕೊಳವೆಯೊಳಗೆ ತನ್ನ ಅಕ್ಷದ ಮೇಲೆಯೇ ತಿರುಗುವುದಿಲ್ಲವೆ? ಡಿಎನ್‌ಎಯೂ ಹಾಗೆಯೇ ತಿರುಗಬಹುದು ಎಂದರು. ಇದಕ್ಕೆ ಬೇಕಾಗುವ ಶಕ್ತಿ ಎಷ್ಟು? ಡಿಎನ್‌ಎಯ ದಪ್ಪ ಒಂದು ಮಿಲಿಮೀಟರಿನ ಐದು ಲಕ್ಷದ ಒಂದು ಭಾಗ. ಇಷ್ಟು ಸಪೂರವಾದ, ಒಂದೂವರೆ ಮಿಲಿಮೀಟರ್ ಉದ್ದದ ಎಳೆಯನ್ನು ನೀರಿನ ಸ್ನಿಗ್ಧತೆಯ ಎದುರು ಮೇಲಿನ ವೇಗದಲ್ಲಿ ತಿರುಗಿಸಲು ಒಂದು ಸುತ್ತಿಗೆ ಎಟಿಪಿಯ ಒಂದು ಅಣು ಒದಗಿಸುವಷ್ಟು ಶಕ್ತಿ ಸಾಕು ಎಂದು ಲೆಕ್ಕ ಹೇಳುತ್ತದೆ. ಶಕ್ತಿಯ ದೃಷ್ಟಿಯಿಂದ ಇದು ಅಗ್ಗ.

ಆದರೆ ತಿರುಗಲು ಬಿಟ್ಟ ತುದಿಯೊಂದು ಬೇಕಲ್ಲ! 1963ರಲ್ಲಿ ಜಾನ್ ಕೆಯರ್ನ್ಸ್ ಇ. ಕೋಲಿಯ ಡಿಎನ್‌ಎ ತುದಿಯೇ ಇಲ್ಲದ ಉಂಗುರ ಎಂದು ತೋರಿಸಿದರು. ಉಂಗುರದಲ್ಲಿ ಎರಡು ಎಳೆಗಳು ಒಂದನ್ನೊಂದು ಎಷ್ಟು ಬಾರಿ ಸುತ್ತಿವೆ ಎಂಬುದು ಒಂದು ಪೂರ್ಣಾಂಕ. ಅದನ್ನು ಕೊಂಡಿಸಂಖ್ಯೆ ಎನ್ನೋಣ. ಉಂಗುರವನ್ನು ಹಿಗ್ಗಿಸಿ, ಬಾಗಿಸಿ, ಮುದ್ದೆ ಮಾಡಿ. ಎಳೆ ತುಂಡಾಗದ ಹೊರತು ಈ ಸಂಖ್ಯೆ ಬದಲಾಗದು. ಮರಿ ಉಂಗುರಗಳೆರಡೂ ಬೇರೆಯಾಗಬೇಕಾದರೆ ಹಳೆಯ ಎಳೆಗಳ ಕೊಂಡಿಸಂಖ್ಯೆ 4 ಲಕ್ಷ 40 ಸಾವಿರದಿಂದ ಸೊನ್ನೆಗೆ ಇಳಿಯಬೇಕು. ಒಂದೇ ಒಂದು ಉಳಿದರೂ ಮರಿಗಳು ಸರಪಳಿಯ ಕೊಂಡಿಗಳಂತೆ ಸಿಕ್ಕಿಕೊಂಡಿರುತ್ತವೆ. ನಮ್ಮ ವರ್ಣತಂತುಗಳಿಗೆ ತುದಿಗಳಿವೆ ನಿಜ. ಆದರೆ ಅವು ಮಾರುಕಟ್ಟೆಯ ಉಂಡೆಯೊಳಗಿನ ತುದಿಯಂತೆ ಬಲುದೂರದಲ್ಲಿ ಹೂತುಹೋಗಿರುವುದರಿಂದ ಪ್ರಯೋಜನಕ್ಕೆ ಬಾರವು.

ಬೆಂಗಳೂರಿನಿಂದ ಹೊರಟ ಉತ್ತರ

ಸಮಸ್ಯೆಯನ್ನು ಎರಡು ರೀತಿ ಪರಿಹರಿಸಬಹುದು. ಸುತ್ತುಗಳನ್ನು ಬಿಚ್ಚುವ ಉಪಾಯ ಹುಡುಕುವುದು ಒಂದು. ಸುತ್ತುಗಳೇ ಇಲ್ಲ ಎನ್ನುವುದು ಇನ್ನೊಂದು. ಈ ಎರಡನೆಯ ದಾರಿಯನ್ನು ಧೈರ್ಯವಾಗಿ ಹಿಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್. ಜಿ.ಎನ್. ರಾಮಚಂದ್ರನ್ ಅವರು ಮದರಾಸಿನಿಂದ ಬೆಂಗಳೂರಿಗೆ ಬಂದು ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಪ್ರೋಟೀನುಗಳ ಅಧ್ಯಯನದಲ್ಲಿ ಜಗತ್ತೇ ಬಳಸುವ ರಾಮಚಂದ್ರನ್ ನಕ್ಷೆಯನ್ನು ಕೊಟ್ಟ 1963ರ ಲೇಖನದ ಮೂವರು ಲೇಖಕರಲ್ಲಿ ಅವರೂ ಒಬ್ಬರು.

ಪರಮಾಣುಗಳು ಒಂದಕ್ಕೊಂದು ತಾಗದಂತೆ ಎಷ್ಟು ರೀತಿಯಲ್ಲಿ ಜೋಡಣೆ ಸಾಧ್ಯ ಎಂದು ಲೆಕ್ಕ ಹಾಕುವುದು ಈ ಪರಂಪರೆಯ ವೈಶಿಷ್ಟ್ಯ. ಅದೇ ಲೆಕ್ಕವನ್ನು ಡಿಎನ್‌ಎಗೆ ಅನ್ವಯಿಸಿದಾಗ ಬಲಸುರುಳಿಯಷ್ಟೇ ಅಲ್ಲ, ಎಡಸುರುಳಿಯೂ ಸಾಧ್ಯ ಎಂದು ಕಂಡಿತು. ಹಾಗಿದ್ದರೆ ಸುಮಾರು ಅರ್ಧ ಸುತ್ತು ಬಲಕ್ಕೆ, ಮುಂದಿನ ಅರ್ಧ ಸುತ್ತು ಎಡಕ್ಕೆ, ಹೀಗೆ ಪರ್ಯಾಯವಾಗಿ ಸಾಗಿದರೆ? ಆಗ ಎಳೆಗಳು ಒಂದನ್ನೊಂದು ಸುತ್ತದೆ ಪಕ್ಕಪಕ್ಕದಲ್ಲಿ ಸಾಗುತ್ತವೆ. ನಕಲಿಸುವಾಗ ಸಲೀಸಾಗಿ ಬೇರೆಯಾಗುತ್ತವೆ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್ ಈ ವಿಚಾರವನ್ನು 1976ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿಯೂ 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿಯೂ ಮಂಡಿಸಿದರು. 1976ರಲ್ಲಿಯೇ ನ್ಯೂಜಿಲೆಂಡಿನ ಜಿ.ಎ. ರಾಡ್ಲಿ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇಂಥದೇ ಮಾದರಿ ಪ್ರಕಟಿಸಿದರು. ಇದು ಹುಚ್ಚು ವಾದವಾಗಿರಲಿಲ್ಲ. ಡಿಎನ್‌ಎಯ ಪರಮಾಣುಗಳನ್ನು ಒಂದೊಂದಾಗಿ ಕಾಣಿಸುವ ಸ್ಫಟಿಕ ಚಿತ್ರ ಆಗಿನ್ನೂ ಯಾರಲ್ಲಿಯೂ ಇರಲಿಲ್ಲ. ನಾರಿನಂತೆ ಎಳೆದ ಡಿಎನ್‌ಎಯ ಎಕ್ಸ್-ಕಿರಣ ಚಿತ್ರಗಳೇ ಆಧಾರವಾಗಿದ್ದವು.

ತೀರ್ಪು ಕೊಟ್ಟದ್ದು ಎಣಿಕೆ. ಪಕ್ಕಪಕ್ಕದ ಮಾದರಿ ಸರಿಯಾದರೆ ಪುಟ್ಟ ಡಿಎನ್‌ಎ ಉಂಗುರಗಳ ಕೊಂಡಿಸಂಖ್ಯೆ ಸೊನ್ನೆಯ ಹತ್ತಿರ ಇರಬೇಕು. ಸುರುಳಿ ಸರಿಯಾದರೆ ಹತ್ತು ಚಿಲ್ಲರೆ ಜೋಡಿಗೆ ಒಂದರಂತೆ ಇರಬೇಕು. ಕೊಂಡಿಸಂಖ್ಯೆಯಲ್ಲಿ ಒಂದೇ ಒಂದು ವ್ಯತ್ಯಾಸವಿರುವ ಉಂಗುರಗಳೂ ಜೆಲ್‌ನಲ್ಲಿ ಬೇರೆಬೇರೆ ಪಟ್ಟಿಗಳಾಗಿ ಕಾಣುವುದನ್ನು ವಾಲ್ಟರ್ ಕೆಲ್ಲರ್ 1975ರಲ್ಲಿ ತೋರಿಸಿದ್ದರು. ಉಂಗುರಕ್ಕೆ ತಿಳಿದಷ್ಟು ಜೋಡಿಗಳನ್ನು ಸೇರಿಸಿ, ಪಟ್ಟಿ ಎಷ್ಟು ಸರಿಯಿತೆಂದು ನೋಡಿದ ಜೇಮ್ಸ್ ವಾಂಗ್ 1979ರಲ್ಲಿ ಸುತ್ತಿಗೆ ಸುಮಾರು 10.4 ಜೋಡಿ ಎಂದು ಕಂಡರು. ಅದೇ ವರ್ಷ ಕ್ರಿಕ್, ವಾಂಗ್ ಮತ್ತು ವಿಲಿಯಂ ಬಾವರ್ ಕೂಡಿ ಬರೆದ ಲೇಖನದ ಶೀರ್ಷಿಕೆಯೇ 'ಡಿಎನ್‌ಎ ನಿಜವಾಗಿಯೂ ಜೋಡಿ ಸುರುಳಿಯೇ?' ಎಂಬ ಪ್ರಶ್ನೆ. ಹೌದು ಎಂಬುದು ಅವರ ಉತ್ತರ. ಮರುವರ್ಷ ರಿಚರ್ಡ್ ಡಿಕರ್ಸನ್ ಅವರ ತಂಡದ ಸ್ಫಟಿಕ ಚಿತ್ರವೂ ಬಂದು ಬಲಸುರುಳಿ ಕಣ್ಣಿಗೆ ಕಂಡಿತು. ಕುತೂಹಲದ ಸಂಗತಿಯೆಂದರೆ, ಅಲೆಕ್ಸಾಂಡರ್ ರಿಚ್ ಅವರ ತಂಡ 1979ರಲ್ಲಿ ಸ್ಫಟಿಕವೊಂದರಲ್ಲಿ ಎಡಸುರುಳಿಯ ಡಿಎನ್‌ಎಯನ್ನೂ ಕಂಡಿತು. ಅದರ ರೂಪ ಬೇರೆಯೇ ಆಗಿದ್ದರೂ, ಎಡಸುರುಳಿ ಎಂಬುದು ಅಸಾಧ್ಯವಲ್ಲ ಎಂಬ ಮಾತು ನಿಂತಿತು.

ನಾನು ಎಂ.ಎಸ್ಸಿ. ಓದುವಾಗ ನಮ್ಮ ಅಧ್ಯಾಪಕರೊಬ್ಬರು ಈ ಪ್ರಸಂಗವನ್ನು ಸೋಲೆಂದು ಹೇಳಲಿಲ್ಲ. ಸರಿಯಾದ ಪ್ರಶ್ನೆಯನ್ನು ಹಿಡಿದು, ಪರೀಕ್ಷೆಗೆ ಒಡ್ಡಬಹುದಾದ ಉತ್ತರ ಕೊಟ್ಟಿದ್ದರಿಂದಲೇ ಅಷ್ಟು ನಿಖರವಾದ ಎಣಿಕೆಗೆ ಬೆಲೆ ಬಂತು ಎಂದರು. ಇಂದಿಗೂ ತರಗತಿಯಲ್ಲಿ ನಾನು ಇದನ್ನೇ ಹೇಳುತ್ತೇನೆ.

ಕತ್ತರಿಸಿ, ಬಿಡಿಸಿ, ಬೆಸೆಯುವುದು

ಹಾಗಾದರೆ ಸುತ್ತುಗಳಿವೆ. ಬಿಚ್ಚುವವರು ಯಾರು? ಉತ್ತರ ಅಷ್ಟರಲ್ಲಿ ಸಿಕ್ಕಿತ್ತು. 1971ರಲ್ಲಿ ವಾಂಗ್ ಅವರು ಇ. ಕೋಲಿಯಲ್ಲಿ ಒಂದು ವಿಚಿತ್ರ ಕಿಣ್ವವನ್ನು ಕಂಡರು. ಅದು ಒಂದು ಎಳೆಯನ್ನು ಕತ್ತರಿಸಿ, ತುದಿಯನ್ನು ಕೈಬಿಡದೆ ಹಿಡಿದುಕೊಂಡು, ಇನ್ನೊಂದು ಎಳೆ ಆ ಸಂದಿಯಲ್ಲಿ ದಾಟಿದ ಮೇಲೆ ಮತ್ತೆ ಬೆಸೆಯುತ್ತದೆ. ಪ್ರತಿ ಸಲ ಕೊಂಡಿಸಂಖ್ಯೆ ಒಂದರಷ್ಟು ಬದಲಾಗುತ್ತದೆ. 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಗೈರೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. ಇದು ಎರಡೂ ಎಳೆಗಳನ್ನು ಕತ್ತರಿಸಿ, ಡಿಎನ್‌ಎಯ ಇನ್ನೊಂದು ಭಾಗವನ್ನು ಇಡಿಯಾಗಿ ದಾಟಿಸಿ ಬೆಸೆಯುತ್ತದೆ. ಸಂಖ್ಯೆ ಒಮ್ಮೆಗೆ ಎರಡರಷ್ಟು ಬದಲಾಗುತ್ತದೆ. ಎಟಿಪಿಯ ಶಕ್ತಿಯಿಂದ ಗೈರೇಸ್ ಕವಲಿನ ಮುಂದೆ ಕೂಡುವ ಬಿಗಿತವನ್ನು ಸತತವಾಗಿ ಸಡಿಲಿಸುತ್ತದೆ. ಇಂಥ ಕಿಣ್ವಗಳಿಗೆ ಟೋಪೊಐಸೊಮರೇಸ್ ಎಂಬ ಒಟ್ಟು ಹೆಸರಿದೆ. ಅವು ನಮ್ಮ ಕೋಶಗಳಲ್ಲಿಯೂ ಇವೆ. ಹುರಿ ಅಂಗಡಿಯ ಯಜಮಾನರು ಹೇಳಿದ್ದನ್ನೇ ಅವು ಮಾಡುತ್ತವೆ. ಗಂಟಿನ ಗುರುತು ಮಾತ್ರ ಉಳಿಸುವುದಿಲ್ಲ.

ಕ್ಷಯರೋಗದ ಪ್ರಶ್ನೆ

ಮಾರುಕಟ್ಟೆಯ ಎದುರಿಗೇ 1900ರಲ್ಲಿ ತೆರೆದ ವಿಕ್ಟೋರಿಯ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಇದೆ. ಹುರಿಯ ಲೆಕ್ಕಕ್ಕೂ ಆಸ್ಪತ್ರೆಗೂ ಏನು ಸಂಬಂಧ ಎನ್ನುವಿರಾ?

ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಮೊದಲಾದ ಔಷಧಗಳು ದಾಳಿ ಮಾಡುವುದು ಗೈರೇಸ್ ಮೇಲೆ ಅಥವಾ ಅದರ ಹತ್ತಿರದ ಸಂಬಂಧಿಯ ಮೇಲೆ. ಕಿಣ್ವ ಡಿಎನ್‌ಎಯನ್ನು ಕತ್ತರಿಸಿ ಹಿಡಿದಿರುವ ಕ್ಷಣದಲ್ಲಿ ಔಷಧದ ಅಣು ಬೆಣೆಯಂತೆ ಒಳಹೊಕ್ಕು ಬೆಸುಗೆಯನ್ನು ತಡೆಯುತ್ತದೆ. ಮುರಿದ ಡಿಎನ್‌ಎಯೊಂದಿಗೆ ಬ್ಯಾಕ್ಟೀರಿಯ ಸಾಯುತ್ತದೆ. ನಮ್ಮ ಕೋಶಗಳ ಕಿಣ್ವದ ಆಕಾರ ಬೇರೆಯಾದ್ದರಿಂದ ಔಷಧದ ಸಾಮಾನ್ಯ ಪ್ರಮಾಣಕ್ಕೆ ಅದು ಸಿಕ್ಕಿಬೀಳುವುದಿಲ್ಲ. ಇ. ಕೋಲಿಯಲ್ಲಿ ಮರಿ ಉಂಗುರಗಳನ್ನು ಬಿಡಿಸಲು ಗೈರೇಸ್ ಜೊತೆಗೆ ಇನ್ನೊಂದು ಕಿಣ್ವವಿದೆ. ಕ್ಷಯದ ಬ್ಯಾಕ್ಟೀರಿಯಕ್ಕೆ ಆ ಅನುಕೂಲವಿಲ್ಲ; ಎರಡೂ ಕೆಲಸವನ್ನು ಗೈರೇಸ್ ಒಂದೇ ಮಾಡಬೇಕು. ಈ ವರ್ಗದ ಬ್ಯಾಕ್ಟೀರಿಯಗಳ ಗೈರೇಸ್ ಮತ್ತು ಟೋಪೊಐಸೊಮರೇಸ್ ಕಿಣ್ವಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಮತ್ತು ಅವರ ಶಿಷ್ಯರು ಅನೇಕ ವರ್ಷ ಅಧ್ಯಯನ ಮಾಡಿದ್ದಾರೆ. ಎಂಬತ್ತರ ದಶಕದ ಹೊಸ್ತಿಲಲ್ಲಿ ಮುಗಿದಂತಿದ್ದ ಪ್ರಶ್ನೆ ಅದೇ ಆವರಣದಲ್ಲಿ ಬೇರೆ ರೂಪದಲ್ಲಿ ಮುಂದುವರಿಯಿತು. ಸಾಮಾನ್ಯ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಭಾರತ ಸರಕಾರ 2024ರಲ್ಲಿ ಒಪ್ಪಿಗೆ ಕೊಟ್ಟ ನಾಲ್ಕು ಔಷಧಗಳ ಚಿಕಿತ್ಸೆಯಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಒಂದು.

ಇಲ್ಲಿ ನಕಲಿನ ತಪ್ಪು ಮತ್ತೆ ಮುಖ ತೋರಿಸುತ್ತದೆ. ಗೈರೇಸ್‌ನ ಜೀನ್‌ನಲ್ಲಿ ಒಂದೇ ಅಕ್ಷರ ತಪ್ಪಿದರೂ ಔಷಧದ ಬೆಣೆ ಕೂರದಂತೆ ಆಗಬಹುದು. ಇಂಥ ತಪ್ಪು ಒಂದು ಕೋಟಿ ಬ್ಯಾಕ್ಟೀರಿಯಗಳಲ್ಲಿ ಒಂದರಲ್ಲಿದೆ ಎಂದಿಟ್ಟುಕೊಳ್ಳಿ. ರೋಗಿಯ ಶ್ವಾಸಕೋಶದ ಒಂದು ಕುಹರದಲ್ಲಿ ಹತ್ತು ಕೋಟಿ ಬ್ಯಾಕ್ಟೀರಿಯಗಳಿದ್ದರೆ ಔಷಧವನ್ನು ಆರಂಭಿಸುವ ಮುನ್ನವೇ ಹತ್ತು ಬ್ಯಾಕ್ಟೀರಿಯಗಳು ಅದನ್ನು ಎದುರಿಸಿ ಉಳಿಯಬಲ್ಲವು. ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು, ಈ ಹತ್ತರ ಸಂತಾನ ಬೆಳೆಯುತ್ತದೆ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ? ಎರಡೂ ತಪ್ಪುಗಳು ಒಂದೇ ಬ್ಯಾಕ್ಟೀರಿಯದಲ್ಲಿ ಕೂಡುವ ಸಂಭವ ಕೋಟಿ ಕೋಟಿಗೊಂದು. ಹತ್ತು ಕೋಟಿಯಲ್ಲಿ ಅಂಥದೊಂದು ಸಿಗುವುದೇ ಇಲ್ಲವೆನ್ನಬಹುದು. ಕ್ಷಯಕ್ಕೆ ಮೂರು ನಾಲ್ಕು ಔಷಧಗಳನ್ನು ಕೂಡಿಸಿ, ತಿಂಗಳುಗಟ್ಟಲೆ ಬಿಡದೆ ಕೊಡುವುದರ ಹಿಂದೆ ಇರುವುದು ಈ ಗುಣಾಕಾರ.

ನಾನೂ ಒಮ್ಮೆ ಜ್ವರ ಬಂದಾಗ ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯೊಂದರಲ್ಲಿ ಈ ಗುಂಪಿನ ಮಾತ್ರೆಗಳನ್ನು ಕೊಂಡು, ಎರಡು ದಿನ ನುಂಗಿ, ಜ್ವರ ಇಳಿದೊಡನೆ ಬಿಟ್ಟವನೇ. ಭೌತವಿಜ್ಞಾನದ ಮೇಷ್ಟ್ರು ತನ್ನದೇ ಲೆಕ್ಕವನ್ನು ಮರೆತಿದ್ದ! ಹೀಗೆ ಅರೆಬರೆ ನುಂಗಿದ ಪ್ರತಿ ಮಾತ್ರೆಯೂ ತಪ್ಪು ನಕಲನ್ನು ಹೊತ್ತ ಬ್ಯಾಕ್ಟೀರಿಯಕ್ಕೆ ಜಾಗ ಮಾಡಿಕೊಡುತ್ತದೆ. ಮೇಲಾಗಿ ಇದೇ ಮಾತ್ರೆಗಳು ಗುರುತಿಸದೆ ಉಳಿದ ಕ್ಷಯದ ಕೆಮ್ಮನ್ನು ತಾತ್ಕಾಲಿಕವಾಗಿ ತಗ್ಗಿಸಿ, ಕಾಯಿಲೆಯ ಪತ್ತೆಯನ್ನೂ ತಡಮಾಡಬಲ್ಲವು. ಎರಡು ವಾರ ಮೀರಿದ ಕೆಮ್ಮಿಗೆ ಮಾಡಬೇಕಾದದ್ದು ಕಫದ ಪರೀಕ್ಷೆ. ಅದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ.

ನೀವೇ ಮಾಡಿ ನೋಡಿ

ಒಂದು ಕೆಂಪು, ಒಂದು ಬಿಳಿ ದಾರ ತೆಗೆದುಕೊಳ್ಳಿ. ಎರಡನ್ನೂ ಒಂದರ ಮೇಲೊಂದು ಇಪ್ಪತ್ತು ಸುತ್ತು ಹೊಸೆಯಿರಿ. ಕೆಂಪಿನ ಎರಡು ತುದಿಗಳನ್ನು ಕೆಂಪಿಗೇ, ಬಿಳಿಯ ಎರಡು ತುದಿಗಳನ್ನು ಬಿಳಿಗೇ ಗಂಟು ಹಾಕಿ ಉಂಗುರಗಳನ್ನಾಗಿ ಮಾಡಿ. ಈಗ ಕತ್ತರಿ ಮುಟ್ಟದೆ ಎರಡು ಉಂಗುರಗಳನ್ನು ಬೇರ್ಪಡಿಸಲು ಪ್ರಯತ್ನಿಸಿ. ಒಂದು ಕಡೆ ಬಿಡಿಸಿದಷ್ಟೂ ಇನ್ನೊಂದು ಕಡೆ ಬಿಗಿಯುತ್ತದೆ. ಇಪ್ಪತ್ತು ಇಪ್ಪತ್ತಾಗಿಯೇ ಉಳಿಯುತ್ತದೆ. ನೀವು ಈ ಸಾಲನ್ನು ಓದುವಷ್ಟರಲ್ಲಿ ನಿಮ್ಮ ಕರುಳಿನ ಒಂದೊಂದು ಬ್ಯಾಕ್ಟೀರಿಯ ಇಂಥ ನೂರಾರು ಸುತ್ತುಗಳನ್ನು ಬಿಡಿಸಿ ಬೆಸೆದಿರುತ್ತದೆ.